ಮಂಡಿ ನೋಡ್ದೆ, ಅಡಿಕೆ ಮರ ನೋಡ್ಲಿಲ್ಲ

ಶಿವಮೊಗ್ಗದಲ್ಲಿ ಫಿಸಿಯೋ ಆಗಿ ಒಂಬತ್ತು ವರ್ಷ ಆಯ್ತು, ಆದ್ರೂ ಹೋದ ಡಿಸೆಂಬರಿನ ಆ ರಾತ್ರಿ ನೆನಪಾದ್ರೆ ಈಗ್ಲೂ ಕಿವಿ ಬಿಸಿಯಾಗುತ್ತೆ.

ಹೊಸನಗರ ಕಡೆ ಹುಡುಗ, ವಾಲಿಬಾಲ್ ಸ್ಮ್ಯಾಷರ್. ಮಂಡಿಚಿಪ್ಪಿನ ಕೆಳತುದೀಲಿ ಬೆರಳಿಟ್ರೆ ಸಾಕು, ಮುಖ ಕಿವುಚ್ತಿದ್ದ. ಆಟ ಶುರುವಾದಾಗ ನೋವು, ಮೈ ಬಿಸಿಯಾದ್ಮೇಲೆ ಮಾಯ, ಮಾರನೇ ದಿನ ಡಬಲ್. ಪಟೆಲ್ಲರ್ ಟೆಂಡನ್, ಅಂದ್ರೆ ಮಂಡಿಚಿಪ್ಪನ್ನ ಕೆಳಗಿನ ಕಾಲಿನ ಮೂಳೆಗೆ ಬಿಗಿಯೋ ಪಟ್ಟಿ, ಇನ್ನೇನು. ಬಂದವ್ನೇ "ಸರ್, ಕರೆಂಟ್ ಇಡಿ" ಅಂದ. ನಮ್ಮ ಮ್ಯಾನೇಜ್ಮೆಂಟಿಗೂ ಅದೇ ಬೇಕು, ನೋವಿಗೆ ಕರೆಂಟ್ ಕೊಡೋ ಹತ್ತು ಸಿಟ್ಟಿಂಗಿನ ಐಎಫ್‌ಟಿ ಪ್ಯಾಕೇಜು. ಲೆಗ್ ಎಕ್ಸ್‌ಟೆನ್ಷನ್ ಮಷೀನಿನ (ಕೂತು ಕಾಲು ಚಾಚಿ ಭಾರ ಎತ್ತೋದು) ಪಿನ್ ಕಳೆದು ಆರು ತಿಂಗ್ಳಾಗಿತ್ತು, ಸ್ಕ್ರೂಡ್ರೈವರ್ ಸಿಗ್ಸಿ ನಡೆಸ್ತಿದ್ವಿ.

ನಾನು ಕರೆಂಟ್ ಬಿಟ್ಟು ಅದೇ ಮಷೀನಲ್ಲಿ ಐಸೋಮೆಟ್ರಿಕ್ ಮಾಡ್ಸಿದೆ. ಭಾರ ಎತ್ತಿ 45 ಸೆಕೆಂಡ್ ಅಲ್ಲಾಡದೆ ಹಿಡಿಯೋದು, ಎರಡು ನಿಮಿಷ ರೆಸ್ಟು, ಹಿಂಗೆ 5 ಸಲ. ಒಂಟಿಕಾಲ ಸ್ಕ್ವಾಟಲ್ಲಿ ನೋವು 10ಕ್ಕೆ 7 ಅಂದಿದ್ದವ್ನು ಆಮೇಲೆ 2 ಅಂದ. ಅವನಿಗಿಂತ ನಂಗೇ ಖುಷಿ ಜಾಸ್ತಿ. ಐಸೋಮೆಟ್ರಿಕ್ ಒಂದಿಷ್ಟು ಹೊತ್ತು ನೋವು ಇಳಿಸಬಹುದು, ಅದೂ ಎಲ್ಲರಿಗೂ ಇಳಿಯಲ್ಲ, ಟೆಂಡನ್ ಗಟ್ಟಿಯಾಗೋಕೆ ಭಾರ ಹಾಕಿ ನಿಧಾನಕ್ಕೆ ಮಾಡೋ ಸ್ಕ್ವಾಟು ಲೆಗ್ ಪ್ರೆಸ್ಸು 12 ವಾರನಾದ್ರೂ ಬೇಕು, ಜಂಪಿಂಗ್ ಕಟ್ಟಕಡೆಗೆ. ಇದನ್ನ ಜೂನಿಯರ್ಸಿಗೆ ಪಾಠ ಮಾಡೋನೇ ನಾನು. ಆದ್ರೂ ಮೂರನೇ ವಾರಕ್ಕೆ "ಆಡು ಮಾರಾಯ, ನೋವು 3 ದಾಟಿದ್ರೆ ಕೂತ್ಕೊ" ಅಂದ್ಬಿಟ್ಟೆ, ಸಾಲದ್ದಕ್ಕೆ ಟೇಪ್ ಹಿಡ್ಕೊಂಡು ಮ್ಯಾಚಿಗೂ ಹೋದೆ.

ಹೊನಲು ಬೆಳಕಿನ ಪಂದ್ಯ, ಕೊರೆಯೋ ಚಳಿ. ಮೂರನೇ ಸೆಟ್ಟು 22-22. ಹಾರಿದ, ಹೊಡ್ದ, ಒಂಟಿ ಕಾಲಲ್ಲಿ ಇಳ್ದ, ಹಂಗೇ ಕುಸಿದು ಕೂತ. ಎರಡೂ ಕೈ ಮಂಡಿ ಮೇಲೆ. ಟೆಂಡನ್ ಕಿತ್ತೇ ಹೋಯ್ತಾ ಅಂತ ನನ್ನೆದೆ ಧಸಕ್ ಅಂತು. ಚಿಪ್ಪಿನ ಕೆಳಗೆ ಗುಂಡಿ ಬಿದ್ದಿದ್ಯಾ, ಚಿಪ್ಪು ಮೇಲೆ ಸರಿದಿದ್ಯಾ ಅಂತ ನಾನು ತಡಕಾಡ್ತಿದ್ರೆ ಕ್ಯಾಪ್ಟನ್ ಹಿಂದಿಂದ "ಸ್ಪ್ರೇ ಹೊಡೀರಿ ಸರ್, ಇನ್ನು ಮೂರೇ ಪಾಯಿಂಟು" ಅಂತಾನೆ. "ಕಾಲು ನೆಟ್ಟಗಿಟ್ಟು ಎತ್ತಪ್ಪ" ಅಂದೆ. ಎತ್ತಲಿಲ್ಲ. ನನ್ನ ಕೈ ನಡುಗ್ತಿದ್ದಿದ್ದು ಚಳಿಗೆ ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಪುಣ್ಯ. ಮತ್ತೆ ಹೇಳ್ದೆ, ಹಿಮ್ಮಡಿ ನಿಧಾನಕ್ಕೆ ನೆಲ ಬಿಟ್ಟು ಒಂದು ಗೇಣು ಮೇಲೆ ಬಂತು, ಮಂಡಿ ಬಗ್ಗಲಿಲ್ಲ. ಸದ್ಯ, ಕಿತ್ತಿಲ್ಲ.

ಆಗ ಅವರಣ್ಣ ಪಕ್ಕದಲ್ಲಿ ನಿಂತು ಏನೂ ಆಗದವರ ಹಂಗೆ ಹೇಳ್ತಾರೆ, "ಬೆಳಗ್ಗೆಯಿಂದ ಅಡಿಕೆ ಮರ ಹತ್ತಿ ಕೊನೆ ತೆಗೀತಿದ್ದ ಸರ್, ಈ ಸಲ ಗೊನೆ ಕೊಯ್ಯೋ ಕೊನೆಗೌಡ ಸಿಗ್ಲಿಲ್ಲ, ಹದಿನೈದು ದಿನದಿಂದ ಇವನೇ ಹತ್ತೋದು."

ಪ್ರಾಕ್ಟೀಸಲ್ಲಿ ಎಷ್ಟು ಜಂಪು ಅಂತ ದಿನಾ ಕೇಳಿ ಬರ್ಕೊಂಡಿದ್ದೆ. ಕಾರ್ಡಲ್ಲಿ ಉದ್ಯೋಗದ ಮುಂದೆ 'ತೋಟ' ಅಂತ ನನ್ನದೇ ಅಕ್ಷರ. ಕ್ಲಿನಿಕ್ಕಲ್ಲಿ 2 ಅಂದಿದ್ದನ್ನ ನಂಬಿಬಿಟ್ಟೆ, ಮಾರನೇ ಬೆಳಗ್ಗೆ ಎಷ್ಟು ಅಂತ ಒಂದಿನಾನೂ ಕೇಳ್ಲಿಲ್ಲ.

ಪೂರ್ತಿ ರೆಸ್ಟ್ ಕೊಟ್ರೆ ಟೆಂಡನ್ ಇನ್ನೂ ಸೊರಗುತ್ತೆ, ಅದಕ್ಕೆ ಜಂಪು, ಮರ ಎರಡೂ ನಿಲ್ಸಿ ಭಾರದ ಸ್ಕ್ವಾಟು ಶುರು ಮಾಡ್ಸಿದೆ, ಮೂರು ಸೆಕೆಂಡ್ ಇಳಿಯೋದು, ಮೂರು ಸೆಕೆಂಡ್ ಏಳೋದು. ಬೆಳಗ್ಗೆ ಎದ್ದು ಒಂದು ಒಂಟಿಕಾಲ ಸ್ಕ್ವಾಟ್ ಮಾಡಿ ನೋವಿನ ನಂಬರ್ ವಾಟ್ಸಾಪ್ ಮಾಡು ಅಂದೆ. ನಮ್ಮ ಕ್ಲಿನಿಕ್ ಸರ್‌ಗೆ ವಿಷಯ ಗೊತ್ತಾಗಿ "ಕರೆಂಟ್ ಇಟ್ಟಿದ್ರೆ ಹಿಂಗಾಗ್ತಿತ್ತೇನ್ರಿ" ಅಂದ್ರು, ಏನು ಹೇಳೋದು.

ಸಂಕ್ರಾಂತಿ ಕಳೆದ್ಮೇಲೆ ಒಂದಿನ ಮೆಸೇಜ್ ಬಂತು, "2 ಸರ್. ಮರ ಬಾವ ಹತ್ತಿದ್ರು." ಮಷೀನಿನ ಪಿನ್ ಮಾತ್ರ ಇನ್ನೂ ಬಂದಿಲ್ಲ.