ನಾಲ್ಕು ಸಾವಿರ ಪಾಯಿಂಟು, ಒಂದು ತವಾ

ಬೆಳಗ್ಗೆ ಕಾಫಿ ಕುಡಿಯುತ್ತಾ ಸುಮ್ನೆ ಕ್ರೆಡಿಟ್ ಕಾರ್ಡಿನ ಆ್ಯಪ್ ತೆಗೆದೆ. ಖರ್ಚು ಮಾಡಿದ್ದಕ್ಕೆ ಬ್ಯಾಂಕು ಕೊಡೋ ರಿವಾರ್ಡ್ ಪಾಯಿಂಟು, 4,000! ಒಂದು ನಿಮಿಷ ಸಾಹುಕಾರ್ತಿ ಆಗಿಬಿಟ್ಟೆ.

ಆಮೇಲೆ ಲೆಕ್ಕಕ್ಕೆ ಕೂತೆ. ನನ್ನ ಕಾರ್ಡಲ್ಲಿ ಒಂದು ಪಾಯಿಂಟಿಗೆ 25 ಪೈಸೆ. ಅಂದ್ರೆ 1,000 ರೂಪಾಯಿ. ಅದನ್ನು ತಗೊಳ್ಳೋಕೆ 99 ರೂಪಾಯಿ ಶುಲ್ಕ. ಶುಲ್ಕದ ಮೇಲೆ 18% ಜಿಎಸ್‌ಟಿ. ಒಟ್ಟು 116 ರೂಪಾಯಿ 82 ಪೈಸೆ.

ಆ 82 ಪೈಸೆ ನೋಡಿ ನಗು ಬಂತು. ಅದೇ ನನ್ನ ಮೂರು ಪಾಯಿಂಟಿಗಿಂತ ಜಾಸ್ತಿ!

ಪ್ರತಿ ಸಲವೂ ಇಷ್ಟೇ ಶುಲ್ಕ. ಹಾಗಾಗಿ ಚೂರುಚೂರು ತಗೊಳ್ಳೋದು ದಡ್ಡತನ. ಕೂಡಿಟ್ಟು ಒಂದೇ ಸಲ ತಗೋಬೇಕು. ಪಾಯಿಂಟಿನ ಅವಧಿ ಮುಗಿಯೋದರ ಮೇಲೆ ಮಾತ್ರ ಒಂದು ಕಣ್ಣಿರಲಿ.

ಆ್ಯಪ್‌ನ ಉಡುಗೊರೆ ಪಟ್ಟಿಯಲ್ಲಿ ಒಂದು ದೋಸೆ ತವಾ ಇತ್ತು. ಅಲ್ಲಿ 1,200 ರೂಪಾಯಿ ಲೆಕ್ಕ. ನಮ್ಮ ಬೀದಿಯ ಪಾತ್ರೆ ಅಂಗಡಿಯಲ್ಲಿ ಅಂಥದ್ದೇ 850ಕ್ಕೆ ಸಿಗುತ್ತೆ. ಪಾಯಿಂಟಲ್ಲಿ ಬಂದರೆ ಬಿಟ್ಟಿ ಅನ್ನಿಸುತ್ತಲ್ವಾ, ಅಲ್ಲೇ ಮೋಸ ಹೋಗೋದು. ಪಾಯಿಂಟನ್ನು ಬಿಲ್ಲಿಗೇ ಜಮಾ ಮಾಡಿಸಿದೆ.

ಅಮ್ಮ ಕೇಳಿದರು, "ಇಷ್ಟು ಬರೋಕೆ ಎಷ್ಟು ಖರ್ಚು ಮಾಡಿದೆಯೇ?"

ನೂರಕ್ಕೆ ಒಂದು ಪಾಯಿಂಟು. ಎರಡು ವರ್ಷಕ್ಕೆ ನಾಲ್ಕು ಲಕ್ಷ. ನಾನು ಹೇಳಲಿಲ್ಲ. ಒಂದು ತಿಂಗಳೂ ಬಾಕಿ ಉಳಿಸಿಲ್ಲ, ಬಡ್ಡಿ ಕಟ್ಟಿಲ್ಲ ಅಂತ ಮಾತ್ರ ಹೇಳಿದೆ. ಅದೊಂದೇ ನನ್ನ ಹೆಮ್ಮೆ.

ಸಂಜೆ ತವಾ ತಂದೆ. ಕಾರ್ಡಲ್ಲೇ ಕೊಟ್ಟೆ.

ಎಂಟು ಪಾಯಿಂಟು ಬಂತು.