ಪಾಲಿಯುರೆಥೇನ್ ಎರಕ, ಬ್ಯಾಚ್ 1ರಿಂದ 4: ತೂಕ ಅದೇ, ಹಾಳೆ ಬೇರೆ

ಪಾಲಿಯುರೆಥೇನ್ ಹಾಳೆ ಎರೆದ ನಾಲ್ಕು ಬ್ಯಾಚಿಗೂ ಲೆಕ್ಕ ಒಂದೇ. 1000 ಅಣುತೂಕದ ಪಿಟಿಎಂಇಜಿ ಪಾಲಿಯೋಲ್ (ಎರಡು ತುದಿಯಲ್ಲೂ ಹೈಡ್ರಾಕ್ಸಿಲ್ ಇರುವ ಮೆದು ಸರಪಳಿ) 100 ಗ್ರಾಂ, ಎಂಡಿಐ (ಎರಡು ಐಸೊಸಯನೇಟ್ ಗುಂಪು, ಅಂದರೆ ಎನ್‌ಸಿಒ, ಇರುವ ಅಣು) 50 ಗ್ರಾಂ, ಕೊನೆಗೆ ಸರಪಳಿ ಬೆಳೆಸಲು 1,4-ಬ್ಯೂಟೇನ್‌ಡಯಾಲ್ 8.6 ಗ್ರಾಂ. ಇಂಡೆಕ್ಸ್ (ಡಯಾಲಿನ ಒಂದು ಹೈಡ್ರಾಕ್ಸಿಲಿಗೆ ಉಳಿದ ಎನ್‌ಸಿಒ ಎಷ್ಟು ಎಂಬ ಅನುಪಾತ) 1.05. ಪಾಲಿಯೋಲ್ ಮತ್ತು ಎಂಡಿಐ ಮೊದಲು ಕೂಡಿ ಆಗುವ ಪ್ರೀಪಾಲಿಮರಿನಲ್ಲಿ ಉಳಿಯಬೇಕಾದ ಎನ್‌ಸಿಒ 5.6%. ವೇಗವರ್ಧಕ ಇಲ್ಲ. ಬದಲಾದದ್ದು ತೇವ, ಶಾಖ ಮತ್ತು ಬೆರೆಸುವ ಕ್ರಮ ಮಾತ್ರ.

ಬ್ಯಾಚ್ 1. ಪಾಲಿಯೋಲನ್ನು ಒಣಗಿಸದೆ ಬಳಸಿದ್ದು, ನೀರಿನಂಶ 0.1%. ಕಲಸುವಾಗಲೇ ಸಣ್ಣ ಗುಳ್ಳೆಗಳು ಏಳತೊಡಗಿದವು, ಹಾಳೆಯ ತುಂಬ ಸೂಜಿಮೊನೆಯಷ್ಟು ತೂತು. 100 ಗ್ರಾಮಿನಲ್ಲಿ 0.1 ಗ್ರಾಂ ನೀರು ಎಂದರೆ ಅಲ್ಪ ಅನ್ನಿಸುತ್ತದೆ, ಆದರೆ ಅಷ್ಟು ನೀರು ಸುಮಾರು 1.4 ಗ್ರಾಂ ಎಂಡಿಐಯನ್ನು ತಿಂದು 130 ಮಿಲಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ತೂತಿಗಿಂತ ದೊಡ್ಡ ಹಾನಿ ಕಣ್ಣಿಗೆ ಕಾಣುವುದಿಲ್ಲ. ಉಳಿದ ಎನ್‌ಸಿಒ ಅಳೆಯುವ ಡೈಬ್ಯೂಟೈಲಮೀನ್ ಟೈಟ್ರೇಷನ್‌ನಲ್ಲಿ ಎನ್‌ಸಿಒ 5.3%ಕ್ಕೆ ಇಳಿದಿತ್ತು. ಅದಕ್ಕೆ ಅದೇ 8.6 ಗ್ರಾಂ ಡಯಾಲ್ ಹಾಕಿದರೆ ಇಂಡೆಕ್ಸ್ 0.99, ಹೈಡ್ರಾಕ್ಸಿಲ್ ಹೆಚ್ಚಾಗಿ ಸರಪಳಿ ಸಾಕಷ್ಟು ಉದ್ದ ಬೆಳೆಯುವುದಿಲ್ಲ. ಹಾಗಾಗಿ ಡಯಾಲನ್ನು ಲೆಕ್ಕದ ಹಾಳೆಯಿಂದ ತೂಗಬಾರದು, ಟೈಟ್ರೇಷನ್ ಕೊಟ್ಟ ಅಂಕಿಯಿಂದ ತೂಗಬೇಕು. ಬ್ಯೂಟೇನ್‌ಡಯಾಲ್ ಕೂಡ ಗಾಳಿಯ ತೇವ ಹೀರುತ್ತದೆ, ಅದನ್ನೂ ಒಣಗಿಸಿಡಬೇಕು.

ಬ್ಯಾಚ್ 2. ಪಾಲಿಯೋಲ್ 105 ಡಿಗ್ರಿಯಲ್ಲಿ ವ್ಯಾಕ್ಯೂಮಿನಡಿ 2 ಗಂಟೆ ಒಣಗಿತು, ಆದರೆ ತಣಿಸದೆ ಎಂಡಿಐಯನ್ನು ಒಮ್ಮೆಲೇ ಸುರಿದದ್ದು ತಪ್ಪು. ಕ್ರಿಯೆಯೇ ಶಾಖ ಬಿಡುವುದರಿಂದ ಮಿಶ್ರಣ 120 ದಾಟಿ ಬಹಳ ಹೊತ್ತು ಅಲ್ಲೇ ನಿಂತಿತು. ಎನ್‌ಸಿಒ 5.1%. ಒಂದು ಹನಿ ಗುಳ್ಳೆ ಇಲ್ಲ, ಆದರೆ ಕಡ್ಡಿ ಎತ್ತಿದರೆ ಎಳೆ ಕಡಿಯದಷ್ಟು ಮಂದ. ಆಗಲೇ ಆದ ಯುರೆಥೇನ್ ಬಂಧದ ಎನ್‌ಎಚ್ ಮೇಲೆ ಮತ್ತೊಂದು ಐಸೊಸಯನೇಟ್ ಕೂತು ಅಲೋಫನೇಟ್ ಆಗಿ, ಸರಪಳಿ ಕವಲೊಡೆದಿತ್ತು. ಕ್ಷಾರದ ಸೋಪಿನಲ್ಲಿ ತೊಳೆದು ಸರಿಯಾಗಿ ಜಾಲಿಸದ ಪಾತ್ರೆಯೂ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಅಲೋಫನೇಟ್ ಸದಾ ಕೆಟ್ಟದ್ದಲ್ಲ: ಅಚ್ಚಿನೊಳಗೆ ಕೊನೆಯಲ್ಲಿ ಸ್ವಲ್ಪ ಆದರೆ ಒತ್ತಿದ ಹಾಳೆ ಚೆನ್ನಾಗಿ ಹಿಂದಿರುಗುತ್ತದೆ. ಇಂಡೆಕ್ಸನ್ನು 1ಕ್ಕಿಂತ ತುಸು ಮೇಲಿಡುವುದು ಅದಕ್ಕೇ. ಪ್ರೀಪಾಲಿಮರಿನಲ್ಲಿ ಮಾತ್ರ ಅದು ಬೇಡ.

ಬ್ಯಾಚ್ 3. ಇಲ್ಲಿಂದ ಕ್ರಮ ತಿರುಗಿಸಿದೆವು. ಎಂಡಿಐಯನ್ನು 50 ಡಿಗ್ರಿಯಲ್ಲಿ ಕರಗಿಸಿ (ಬಿಳಿ ಮಡ್ಡಿ ಕಂಡರೆ ಅದು ಎರಡು ಎಂಡಿಐ ಅಣು ಕೂಡಿದ ಡೈಮರ್, ಸೋಸಬೇಕು), ಅದರೊಳಕ್ಕೆ ಪಾಲಿಯೋಲನ್ನು ನಿಧಾನವಾಗಿ ಬಿಟ್ಟು, ನೈಟ್ರೋಜನ್ನಿನಡಿ 75ರಿಂದ 80 ಡಿಗ್ರಿಯಲ್ಲಿ 2 ಗಂಟೆ. ಎನ್‌ಸಿಒ 5.55%. ಇಷ್ಟಾಗಿಯೂ ಹಾಳೆ ಕೆಟ್ಟಿತು, ಏಕೆಂದರೆ ಅಚ್ಚು ಬರೀ 60 ಡಿಗ್ರಿಯಿತ್ತು. ಮೈಮೇಲೆಲ್ಲ ನಕ್ಷತ್ರದಂಥ ಬಿಳಿ ಚುಕ್ಕೆ. ಬಗ್ಗಿಸಿದರೆ ಸೀಳು ಹೊರಡುವುದು ಚುಕ್ಕೆಯಿಂದಲೇ. ಎಂಡಿಐ ಮತ್ತು ಡಯಾಲ್ ಸೇರಿದ ಗಡಸು ಭಾಗಗಳು ಸರಪಳಿ ಬೆಳೆಯುವ ಮೊದಲೇ ಹರಳುಗಟ್ಟಿ ಬೇರ್ಪಟ್ಟಿದ್ದವು.

ಬ್ಯಾಚ್ 4. ಪ್ರೀಪಾಲಿಮರ್ ಹಾಗೇ, ಅಚ್ಚು 110 ಡಿಗ್ರಿ, ಆಮೇಲೆ ಒಲೆಯಲ್ಲಿ 100 ಡಿಗ್ರಿಗೆ 16 ಗಂಟೆ. ಚುಕ್ಕೆಯಿಲ್ಲ, ತೂತಿಲ್ಲ. ಐಆರ್ (ಅವಗೆಂಪು) ವರ್ಣಪಟಲದಲ್ಲಿ 2270 ಸೆಂಮೀ⁻¹ರ ಐಸೊಸಯನೇಟ್ ಪಟ್ಟಿ ಬಹುತೇಕ ಅಳಿದಿದೆ. ಯುರೆಥೇನಿನ ಕಾರ್ಬೊನಿಲ್ (C=O) ಪಟ್ಟಿ ಎರಡಾಗಿ ಒಡೆದಿದೆ: 1730ರ ಸುತ್ತ ಬಿಡಿಯಾದದ್ದು, 1700ರ ಸುತ್ತ ಹೈಡ್ರೋಜನ್ ಬಂಧದಲ್ಲಿರುವುದು. ಎರಡನೆಯದು ಎತ್ತರವಿದ್ದಷ್ಟೂ ಗಡಸು ಭಾಗಗಳು ಒಟ್ಟಾಗಿವೆ ಎಂದರ್ಥ. ಗಡಸುತನವನ್ನು ಒಂದು ವಾರ ಬಿಟ್ಟೇ ಅಳೆಯಬೇಕು. ಹೊರತೆಗೆದ ದಿನದ ಅಂಕಿ ನಂಬಲು ಬಾರದು, ಗಡಸು, ಮೆದು ಭಾಗಗಳು ಇನ್ನೂ ಬೇರ್ಪಡುತ್ತಲೇ ಇರುತ್ತವೆ.

ಉಳಿದ ಪ್ರೀಪಾಲಿಮರನ್ನು ಬಿಗಿ ಮುಚ್ಚಳದ ಡಬ್ಬಿಗೆ ಎಸೆಯಬೇಡಿ. ತೇವ ಸೇರಿದರೆ ಒಳಗೆ ಅನಿಲ ಕಟ್ಟಿ ಡಬ್ಬಿ ಸಿಡಿಯುತ್ತದೆ. ಬಿಸಿ ಎಂಡಿಐಯ ಆವಿ ಉಸಿರಿಗೆ ಹೋದರೆ ಆಸ್ತಮಾದಂಥ ಅಲರ್ಜಿ ಶಾಶ್ವತವಾಗಿ ಅಂಟಬಹುದು, ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಮುಚ್ಚಳ ತೆಗೆಯಲೇಬಾರದು.

ಬ್ಯಾಚ್ 5ರಲ್ಲಿ ಅಚ್ಚು 110ರಲ್ಲೇ ಇರುತ್ತದೆ. ಬದಲಾಗುವುದು ಡಯಾಲ್ ಮಾತ್ರ, ಟೈಟ್ರೇಷನ್ ಪ್ರಕಾರ ಇಂಡೆಕ್ಸ್ 1.02ಕ್ಕೆ.