ಕಾಚ್ ಎಂಬ ಹುಡುಗಿ, ಐಲೀನಳ ಅಡುಗೆಮನೆ

ಮಕ್ಕಳ ಕಷ್ಟದ ಸಿನಿಮಾ ಎಂದರೆ ಹೊಡೆತ, ಬೈಗುಳ, ಗೋಳಾಟ ಇರಲೇಬೇಕು ಅಂತ ನಮಗೆ ರೂಢಿಯಾಗಿಬಿಟ್ಟಿದೆ. ಕಾಲಮ್ ಬರೇಡ್ ನಿರ್ದೇಶನದ 2022ರ ಐರಿಷ್ ಭಾಷೆಯ ಚಿತ್ರ ‘ಅನ್ ಕಲೀನ್ ಕ್ಯೂನ್’ (ಇಂಗ್ಲಿಷ್ ಹೆಸರು ‘ದ ಕ್ವಯಟ್ ಗರ್ಲ್’) ಆ ದಾರಿ ಹಿಡಿಯುವುದಿಲ್ಲ. ಒಂಬತ್ತು ವರ್ಷದ ಕಾಚ್‌ಳ ಮನೆಯಲ್ಲಿ ಅವಳನ್ನು ಯಾರೂ ಗಮನಿಸುವುದಿಲ್ಲ, ಅಷ್ಟೆ. ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ, ಶಾಲೆಯಲ್ಲಿ ಮೈಮೇಲೆ ಹಾಲು ಚೆಲ್ಲಿಕೊಳ್ಳುತ್ತಾಳೆ, ಎತ್ತರದ ಹುಲ್ಲಿನಲ್ಲಿ ಅಡಗಿ ಕೂರುತ್ತಾಳೆ. ಅಮ್ಮ ಮತ್ತೆ ಬಸುರಿ. ಅಪ್ಪನಿಗೆ ಕುಡಿತ, ಜೂಜು. ಹೆರಿಗೆಯಾಗುವವರೆಗೆ ಒಂದು ಬಾಯಿ ಕಡಿಮೆಯಾಗಲಿ ಎಂದು ಹುಡುಗಿಯನ್ನು ಅಮ್ಮನ ಕಡೆಯ ದೂರದ ಸಂಬಂಧಿಕರಾದ ಐಲೀನ್ ಮತ್ತು ಶಾನ್ ದಂಪತಿಯ ಹೊಲದ ಮನೆಗೆ ಬಿಟ್ಟು ಬರುತ್ತಾರೆ. ಬಿಡಲು ಹೋದ ಅಪ್ಪ ಅವಳ ಬಟ್ಟೆಯ ಪೆಟ್ಟಿಗೆಯನ್ನು ಕಾರಿನಿಂದ ಇಳಿಸುವುದನ್ನೇ ಮರೆತು ಹೊರಟುಬಿಡುತ್ತಾನೆ.

ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸಬಹುದು. ಮುಂದೆ ಗುಟ್ಟು ಬಯಲಾಗುತ್ತದೆ.

ಕಥೆ 1981ರ ಬೇಸಿಗೆಯದು, ಆ ಇಸವಿಯನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. ಐರ್ಲೆಂಡಿನಲ್ಲಿ 1979ರ ಕಾನೂನು ಗರ್ಭನಿರೋಧಕಗಳಿಗೆ ಅವಕಾಶ ಕೊಟ್ಟಿತ್ತಾದರೂ ವೈದ್ಯರ ಚೀಟಿ ಬೇಕಿತ್ತು. ವಿಚ್ಛೇದನದ ನಿಷೇಧ ಸಂವಿಧಾನದಲ್ಲೇ ಇತ್ತು, ಅದು ತೆರವಾದದ್ದು 1995ರ ಜನಮತದ ನಂತರ. ಕಾಚ್‌ಳ ಅಮ್ಮನ ಮುಖದ ದಣಿವು ಬರೀ ಸ್ವಭಾವದ್ದಲ್ಲ ಎಂಬುದು ಇದು ಗೊತ್ತಿದ್ದರೆ ಬೇಗ ಅರ್ಥವಾಗುತ್ತದೆ.

ಪ್ರೀತಿ ಈ ಚಿತ್ರದಲ್ಲಿ ಕೆಲಸದ ರೂಪದಲ್ಲಿ ಬರುತ್ತದೆ. ಐಲೀನ್ ಮೊದಲ ದಿನವೇ ಹುಡುಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಕಾಲಿನ ಕೊಳೆ ತೊಳೆಯುತ್ತಾಳೆ. ಮರುದಿನ ಬೆಳಿಗ್ಗೆ ಹಾಸಿಗೆ ಒದ್ದೆ. ಆಗ ಅವಳು ಮಾಡುವುದನ್ನು ಸರಿಯಾಗಿ ನೋಡಬೇಕು. ಬೈಯುವುದಿಲ್ಲ ಸರಿ, ‘ಪರವಾಗಿಲ್ಲ ಮಗಾ’ ಎಂದೂ ಹೇಳುವುದಿಲ್ಲ. ತಪ್ಪೆಲ್ಲ ಹಾಸಿಗೆಯದೇ, ಇಂಥ ತೇವದ ಹಾಸಿಗೆಯಲ್ಲಿ ನಿನ್ನನ್ನು ಮಲಗಿಸಬಾರದಿತ್ತು ಎಂದು ತನ್ನ ಮೇಲೇ ಹಾಕಿಕೊಳ್ಳುತ್ತಾಳೆ. ಕ್ಷಮಿಸಿದ್ದರೆ ತಪ್ಪು ಹುಡುಗಿಯ ತಲೆಯ ಮೇಲೇ ಉಳಿಯುತ್ತಿತ್ತು. ಸಾಕುಮಕ್ಕಳ ಬಗ್ಗೆ ಎಷ್ಟೋ ಚಿತ್ರಗಳು ಸೋಲುವುದು ಈ ಜಾಗದಲ್ಲೇ. ದೊಡ್ಡವರ ಒಳ್ಳೆಯತನ ಕಾಣಿಸಲಿ ಎಂದು ಮಗುವಿನ ನಾಚಿಕೆಯನ್ನು ಇನ್ನಷ್ಟು ಹಿಗ್ಗಿಸಿಬಿಡುತ್ತಾರೆ.

ಶಾನ್‌ನದು ಬೇರೆ ದಾರಿ. ಮೊದಲು ಮುಖ ಕೊಟ್ಟು ಮಾತಾಡುವುದೇ ಇಲ್ಲ. ಕೊಟ್ಟಿಗೆಯಲ್ಲಿ ಅವಳು ಒಮ್ಮೆ ಕಣ್ಣಿಗೆ ಬೀಳದೆ ಹೋದಾಗ ಗಾಬರಿಯಿಂದ ಗದರಿಬಿಡುತ್ತಾನೆ. ಆಮೇಲೆ ಒಂದು ಕ್ರೀಮ್ ಬಿಸ್ಕತ್ತು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟು, ತುಟಿಪಿಟಕ್ಕೆನ್ನದೆ ಹೊರಗೆ ಹೋಗುತ್ತಾನೆ. ಮುಂದೆ ಕೊಟ್ಟಿಗೆ ಗುಡಿಸುವಾಗ ಜೊತೆ, ಕರುಗಳಿಗೆ ಹಾಲು ಕುಡಿಸುವಾಗ ಜೊತೆ. ರಸ್ತೆಬದಿಯ ಅಂಚೆಪೆಟ್ಟಿಗೆಯಿಂದ ಕಾಗದ ತರಲು ಅವಳನ್ನು ಓಡಿಸಿ, ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡುತ್ತಾನೆ. ತನ್ನ ಓಟವನ್ನು ಒಬ್ಬರು ಲೆಕ್ಕ ಇಡುತ್ತಾರೆ ಎನ್ನುವುದೇ ಈ ಹುಡುಗಿಗೆ ಹೊಸದು. ಚಿತ್ರದ ಕೊನೆಯ ಓಟ ನಿಂತಿರುವುದು ಈ ಸಣ್ಣ ಪಂದ್ಯದ ಮೇಲೆ. ಅದನ್ನು ಮೊದಲೇ ಕಟ್ಟಿರದಿದ್ದರೆ ಆ ಕೊನೆ ಬರೀ ಕಣ್ಣೀರಿನ ಕಸರತ್ತಾಗುತ್ತಿತ್ತು.

ಮಲಗುವ ಕೋಣೆಯ ಗೋಡೆಯಲ್ಲಿ ರೈಲುಗಳ ಚಿತ್ರದ ಕಾಗದ. ತೊಡಲು ಕೊಟ್ಟದ್ದು ಗಂಡು ಹುಡುಗನ ಬಟ್ಟೆ. ಈ ಮನೆಯಲ್ಲಿ ಗುಟ್ಟುಗಳಿಲ್ಲ ಎಂದು ಐಲೀನ್ ಮೊದಲೇ ಹೇಳಿರುತ್ತಾಳೆ, ಆದರೆ ಗುಟ್ಟು ಗೋಡೆಯ ಮೇಲೇ ಇದೆ. ಅವರ ಒಬ್ಬನೇ ಮಗ ನಾಯಿಯ ಹಿಂದೆ ಓಡಿ ಕೊಟ್ಟಿಗೆಯ ಬಗ್ಗಡದ ಗುಂಡಿಯಲ್ಲಿ ಮುಳುಗಿ ಸತ್ತಿದ್ದಾನೆ. ನಮ್ಮ ಗೊಬ್ಬರದ ಗುಂಡಿ ನೋಡಿದವರಿಗೆ ಅದರಲ್ಲಿ ಹೇಗೆ ಮುಳುಗುತ್ತಾರೆ ಎಂಬ ಅನುಮಾನ ಬರಬಹುದು. ಐರ್ಲೆಂಡಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ದನಗಳನ್ನು ಒಳಗೇ ಕಟ್ಟುತ್ತಾರೆ. ಸಗಣಿ, ಗಂಜಲ, ತೊಳೆದ ನೀರು ಎಲ್ಲ ಆಳದ ತೊಟ್ಟಿಗೆ ಸೇರಿ ತೆಳ್ಳಗೇ ಉಳಿಯುತ್ತದೆ. ಮೇಲೆ ಮಾತ್ರ ಹುಲ್ಲಿನ ಚೂರು ತೇಲಿ, ಒಣಗಿ ಕೆನೆಗಟ್ಟುತ್ತದೆ. ನೋಡಲು ಗಟ್ಟಿ ನೆಲ, ಕಾಲಿಟ್ಟರೆ ಒಳಗೆ. ಕಲಕಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ, ಎತ್ತಲು ಇಳಿದವರೂ ಉಸಿರುಗಟ್ಟಿ ಬೀಳುತ್ತಾರೆ. ಶಾನ್ ಗದರಿದ್ದು ಯಾಕೆ ಎಂಬುದು ಆಗ ತಿಳಿಯುತ್ತದೆ.

ಈ ವಿಷಯವನ್ನು ಕಾಚ್‌ಗೆ ಹೇಳುವುದು ಬೇರೊಬ್ಬರ ಸಾವಿನ ಮನೆಯಿಂದ ಅವಳನ್ನು ಕರೆದೊಯ್ಯುವ ಒಬ್ಬ ಪಕ್ಕದೂರಿನ ಬಾಯಿಬಡುಕಿ. ಪೇಸ್ಟ್ರಿಗೆ ಐಲೀನ್ ಬೆಣ್ಣೆ ಹಾಕುತ್ತಾಳೋ ಮಾರ್ಗರಿನ್ ಹಾಕುತ್ತಾಳೋ ಎಂಬಲ್ಲಿಂದ ಅವಳ ವಿಚಾರಣೆ ಶುರು. ಇದೊಂದು ಪಾತ್ರಕ್ಕೆ ಬಣ್ಣ ಸ್ವಲ್ಪ ಜಾಸ್ತಿಯೇ ಆಯಿತು. ಅಪ್ಪನದೂ ಅಷ್ಟೆ. ಕ್ಲೇರ್ ಕೀಗನ್ ಅವರ ‘ಫಾಸ್ಟರ್’ (2010) ಎಂಬ ಮೂಲ ಇಂಗ್ಲಿಷ್ ನೀಳ್ಗತೆಯಲ್ಲಿ ಅವನಿಗೆ ಒಂದಿಷ್ಟು ಮಾತಿನ ಬೆಡಗು ಇದೆ, ಚಿತ್ರದಲ್ಲಿ ಸಪ್ಪೆ ಕೇಡಿಗನಾಗಿದ್ದಾನೆ.

ನೀಳ್ಗತೆ ನಡೆಯುವುದು ವೆಕ್ಸ್‌ಫರ್ಡ್ ಕೌಂಟಿಯಲ್ಲಿ, ಅಲ್ಲಿ ಐರಿಷ್ ಆಡುನುಡಿಯ ಪ್ರದೇಶ ಇಲ್ಲ. ಹಾಗಾಗಿ ಚಿತ್ರ ಐಲೀನಳ ಮನೆಯನ್ನು ಐರಿಷ್ ಆಡುವ, ವಾಟರ್‌ಫರ್ಡ್ ಕೌಂಟಿಯ ರಿಂಗ್ ಕಡೆಗೆ ಸಾಗಿಸಿತು. 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಎಂದವರು 18 ಲಕ್ಷಕ್ಕೂ ಹೆಚ್ಚು, ಶಾಲೆಯ ಹೊರಗೆ ದಿನವೂ ಆಡುವವರು ಸುಮಾರು 72 ಸಾವಿರ. ಚಿತ್ರದಲ್ಲಿ ಅಪ್ಪ ಇಂಗ್ಲಿಷ್ ಬಿಟ್ಟು ಬೇರೆ ಆಡುವುದಿಲ್ಲ, ಐಲೀನಳ ಮನೆಯ ಮಾತು ಐರಿಷ್. ಇಂಗ್ಲಿಷ್ ಎಂದರೆ ಕ್ರೌರ್ಯ, ಐರಿಷ್ ಎಂದರೆ ಮಮತೆ ಎಂದು ಓದುವವರಿದ್ದಾರೆ. ಲೆಕ್ಕ ತಾಳೆಯಾಗುವುದಿಲ್ಲ. ಕಾಚ್‌ಳ ಅಮ್ಮನೂ ಅಕ್ಕಂದಿರೂ ಆಡುವುದು ಐರಿಷ್ ಅನ್ನೇ, ಆ ಭಾಷೆಯಲ್ಲೂ ಅವಳನ್ನು ಯಾರೂ ವಿಚಾರಿಸುವುದಿಲ್ಲ.

ನೋಡುವವರಿಗೆ ಎರಡು ಸೂಚನೆ. ಉಪಶೀರ್ಷಿಕೆ ಓದುತ್ತಾ ಹೋದರೆ ಯಾರು ಯಾವ ಭಾಷೆಯಲ್ಲಿ ಉತ್ತರಿಸಿದರು ಎಂಬುದು ತಪ್ಪಿಹೋಗುತ್ತದೆ. ಐಲೀನ್ ಮತ್ತು ಅಪ್ಪ ಎದುರುಬದುರಾಗುವ ದೃಶ್ಯಕ್ಕಾದರೂ ಕಿವಿ ಕೊಡಿ. ಇನ್ನೊಂದು, ಚೌಕಟ್ಟು. ಛಾಯಾಗ್ರಾಹಕಿ ಕೇಟ್ ಮೆಕಲ್ಲಾ 1.37:1ರ ಹಳೆಯ ಅಳತೆ ಬಳಸಿದ್ದಾರೆ. ಮಗುವಿಗೆ ಎಷ್ಟು ಕಾಣುತ್ತದೋ ಅಷ್ಟೇ ನಮಗೂ, ಅಕ್ಕಪಕ್ಕ ಏನಿದೆ ಎಂಬುದು ತಿಳಿಯದು. ಟೀವಿಯಲ್ಲಿ ಎರಡೂ ಬದಿ ಕಪ್ಪು ಪಟ್ಟಿ ಬಂತೆಂದು ಜೂಮ್ ಗುಂಡಿ ಒತ್ತಿದರೆ 16:9 ಪರದೆಯಲ್ಲಿ ಚಿತ್ರದ ಎತ್ತರದ ಕಾಲುಭಾಗದಷ್ಟು ಕತ್ತರಿಸಿ ಹೋಗುತ್ತದೆ, ಅದರ ಜೊತೆಗೆ ಎಷ್ಟೋ ಕಡೆ ಕೈಗಳು ಮಾಡುತ್ತಿರುವ ಕೆಲಸವೂ.

ಐರಿಷ್ ಭಾಷೆಯ ಟಿಜಿ4 ವಾಹಿನಿಯೂ ಸೇರಿ ನಡೆಸುವ ಸಿನೆ4 ಯೋಜನೆಯ ಸಣ್ಣ ಬಂಡವಾಳದಲ್ಲಿ ತಯಾರಾದ ಚಿತ್ರ ಇದು. ಅಂತರರಾಷ್ಟ್ರೀಯ ಚಿತ್ರದ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನ ಪಡೆದ ಮೊದಲ ಐರಿಷ್ ಭಾಷೆಯ ಚಿತ್ರವೂ ಹೌದು. ಕಾಚ್ ಆಗಿರುವ ಕ್ಯಾಥರೀನ್ ಕ್ಲಿಂಚ್‌ಗೆ ಇದು ಮೊದಲ ಸಿನಿಮಾ.

ಅಷ್ಟು ಪ್ರೀತಿಸಿದವರು ಹುಡುಗಿಯನ್ನು ಯಾಕೆ ವಾಪಸು ಬಿಟ್ಟರು ಎಂದು ನೋಡಿದವರೆಲ್ಲ ಕೇಳುತ್ತಾರೆ. ಉಳಿಸಿಕೊಳ್ಳಲು ಅವರಿಗೆ ಹಕ್ಕೇ ಇರಲಿಲ್ಲ. ಬ್ರಿಟಿಷರ ಕಾಲದ 1908ರ ಮಕ್ಕಳ ಕಾಯ್ದೆಯೇ 1981ರಲ್ಲೂ ಚಾಲ್ತಿಯಲ್ಲಿತ್ತು. ಹೊಸ ಮಕ್ಕಳ ಪಾಲನಾ ಕಾಯ್ದೆ ಬಂದದ್ದು 1991ರಲ್ಲಿ, ಸರ್ಕಾರದ ಸುಪರ್ದಿಯ ಮಕ್ಕಳನ್ನು ಸಂಬಂಧಿಕರ ಮನೆಯಲ್ಲಿ ಇರಿಸುವ ನಿಯಮಗಳು ಬಂದದ್ದು 1995ರಲ್ಲಿ. ಅಮ್ಮನ ಕಾಗದ ಬಂತೆಂದರೆ ಶಾನ್ ಕಾರು ತೆಗೆಯಲೇಬೇಕು.